ಕರೆದವರು ನಾವೇ, ಬಂದದ್ದು ಕಯೋಟಿ

ಎರಡು ಸಂಚಿಕೆಯ ಹಿಂದೆ ಇಲ್ಲಿ ಒಂದು ಸಣ್ಣ ಬರಹ ಬರೆದಿದ್ದೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 22 ವರ್ಷದಿಂದ ಇದ್ದೇನೆ, 14 ವರ್ಷದಿಂದ ಶಿಕಾರಿಗೆ ಹೋಗುತ್ತೇನೆ, ಚಳಿಗಾಲಕ್ಕೆ ಒಂದು ಎಲ್ಕ್ ಸಿಕ್ಕರೆ ಮನೆಗೆ ಬೇರೆ ಮಾಂಸ ಕೊಳ್ಳುವುದಿಲ್ಲ. ಅಷ್ಟೇ ವಿಷಯ. ಎಲ್ಕ್ ಅಂದರೆ ಕಡವೆಯಂಥದ್ದೇ ಆದರೆ ಅದಕ್ಕಿಂತ ಭಾರಿ ಪ್ರಾಣಿ. ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ! ಬರಹದ ಕೊನೆಗೆ "ಒಂದು ಸಲ ಕಯೋಟಿ ನನ್ನ ಮೊಣಕಾಲಿನ ತನಕ ಬಂದಿತ್ತು" ಅಂತ ಒಂದು ಸಾಲು ಹಾಕಿದ್ದೆ. ಬಂದ ಪತ್ರಗಳೆಲ್ಲ ಅದರದ್ದೇ. ಸಂಪಾದಕರು ಕಟ್ಟು ಕಳಿಸಿ, "ನೀವೇ ಉತ್ತರ ಕೊಡಿ" ಅಂದರು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ.

ಪ್ರಶ್ನೆ: ಕಯೋಟಿ ಅಂದರೆ ನರಿಯಾ, ತೋಳವಾ? ಹೆಸರನ್ನು ಸರಿಯಾಗಿ ಹೇಗೆ ಹೇಳಬೇಕು?

ಎರಡೂ ಅಲ್ಲ, ಎರಡಕ್ಕೂ ನೆಂಟ. ನರಿಗಿಂತ ದೊಡ್ಡದು, ತೋಳಕ್ಕಿಂತ ತುಂಬಾ ಚಿಕ್ಕದು. ನಮ್ಮ ಕಡೆಯ ಕಯೋಟಿ 10ರಿಂದ 15 ಕಿಲೋ ತೂಗುತ್ತದೆ. ಚಳಿಗಾಲದ ತುಪ್ಪಳದಲ್ಲಿ ಅದರ ಎರಡರಷ್ಟು ಕಾಣುತ್ತದೆ. ಮೂತಿ ಚೂಪು, ಕಿವಿ ದೊಡ್ಡವು, ಓಡುವಾಗ ಬಾಲ ಕೆಳಗೆ. ತೋಳದ ಹೆಜ್ಜೆ ನನ್ನ ಅಂಗೈಯನ್ನು ಮುಚ್ಚುತ್ತದೆ. ಕಯೋಟಿಯದ್ದು ಎರಡೂವರೆ ಇಂಚು, ಅಷ್ಟೇ.

ಹೆಸರು ಮೆಕ್ಸಿಕೋದ ನಹುವಾತ್ಲ್ ಭಾಷೆಯದು. ಅಲ್ಲಿ 'ಕೊಯೋಟ್ಲ್'. ಪೇಟೆಯವರು 'ಕೈಯೋಟಿ' ಅನ್ನುತ್ತಾರೆ. ದನ-ಕುರಿ ಸಾಕುವ ನಮ್ಮ ಸುತ್ತಿನವರು 'ಕೈಯೋಟ್' ಅಂತ ಮೊಟಕು ಮಾಡುತ್ತಾರೆ. ಯಾರಾದರೂ 'ಟಿ' ಸೇರಿಸಿ ಹೇಳಿದರೆ ಹೊರಗಿನಿಂದ ಬಂದವರು ಅಂತ ಗೊತ್ತಾಗುತ್ತದೆ. ನಾನು ಈಗಲೂ 'ಟಿ' ಸೇರಿಸಿಯೇ ಹೇಳುವುದು. 1823ರಲ್ಲಿ ಥಾಮಸ್ ಸೇ ಎಂಬ ವಿಜ್ಞಾನಿ ಇದಕ್ಕೆ ಲ್ಯಾಟಿನ್ ಹೆಸರಿಟ್ಟ. ಅದರ ಅರ್ಥ 'ಬೊಗಳುವ ನಾಯಿ'. ರಾತ್ರಿ ಒಂದು ಸಲ ಕೇಳಿಸಿಕೊಂಡವರು ಬೇರೆ ಹೆಸರು ಇಡಲಾರರು.

ಪ್ರಶ್ನೆ: ಅಕ್ಕಾ, ಕಾಡುಪ್ರಾಣಿ ತಾನಾಗಿ ಮನುಷ್ಯರ ಮೊಣಕಾಲಿನ ತನಕ ಬರುತ್ತದಾ? ಅದಕ್ಕೆ ಹುಚ್ಚು ಹಿಡಿದಿತ್ತಾ?

ಹುಚ್ಚು ಹಿಡಿದಿರಲಿಲ್ಲ. ನಾನು ಕರೆದಿದ್ದೆ, ಅದು ಬಂತು. ತಪ್ಪು ನನ್ನದೇ ಅನ್ನಿ.

ಅದು ಏಪ್ರಿಲ್ ಕೊನೆ, ಕಾಡು ಟರ್ಕಿ ಕೋಳಿಯ ಕಾಲ. ಟರ್ಕಿ ಶಿಕಾರಿಯಲ್ಲಿ ಹುಡುಕಿಕೊಂಡು ಅಲೆಯುವುದು ಕಮ್ಮಿ. ಬೆಳಕು ಹರಿಯುವ ಮೊದಲು ದಪ್ಪ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ಮೈಯೆಲ್ಲ ಎಲೆ ಬಣ್ಣದ ಬಟ್ಟೆ, ಮುಖಕ್ಕೂ ಬಲೆ. ಕೈಯಲ್ಲಿ ಅಂಗೈ ಅಗಲದ ಒಂದು ಸ್ಲೇಟು, ಒಂದು ಕಡ್ಡಿ. ಹೌದು, ಶಾಲೆಯಲ್ಲಿ ಬಳಪದಿಂದ ಬರೆಯುತ್ತಿದ್ದೆವಲ್ಲ, ಅದೇ ಸ್ಲೇಟಿನ ಕಲ್ಲು. ಕಡ್ಡಿಯನ್ನು ಸುತ್ತಿಸಿ ಉಜ್ಜಿದರೆ ಹೆಣ್ಣು ಟರ್ಕಿ ಕೂಗಿದ ಹಾಗೇ ಸದ್ದು ಬರುತ್ತದೆ. ಹುಂಜ ಅದನ್ನು ಕೇಳಿ ಬರಬೇಕು.

ಈಗ ಯೋಚಿಸಿ. ಒಂದು ಹೆಣ್ಣು ಕೋಳಿ ಒಂದೇ ಜಾಗದಲ್ಲಿ ಕೂತು ಅರ್ಧ ಗಂಟೆಯಿಂದ ಕೂಗುತ್ತಿದೆ. ಹುಂಜಕ್ಕೆ ಅದು ಹೆಂಡತಿ. ಕಯೋಟಿಗೆ ಅದು ನಾಷ್ಟಾ.

ಮುಂದೆ ಒಂದು ಪ್ಲಾಸ್ಟಿಕ್ ಟರ್ಕಿ ಬೊಂಬೆ ನಿಲ್ಲಿಸಿದ್ದೆ. ನನ್ನ ಕಣ್ಣು ಅದರ ಮೇಲೆ. ಕಯೋಟಿ ಬಂದದ್ದು ಎಡಗಡೆಯ ಪೊದೆಯಿಂದ. ಸದ್ದಿಲ್ಲ. ಬೂದು-ಕಂದು ಬಣ್ಣದ ಏನೋ ಅಲುಗಿತು ಅಂತ ತಲೆ ತಿರುಗಿಸುವ ಹೊತ್ತಿಗೆ ಅದು ನನ್ನ ಕಾಲ ಹತ್ತಿರ ಇತ್ತು. ಅದು ನೋಡುತ್ತಿದ್ದದ್ದು ನನ್ನನ್ನಲ್ಲ, ಸ್ಲೇಟು ಹಿಡಿದ ನನ್ನ ಕೈಯನ್ನು. ಅಲುಗಿದ್ದು ಅದೊಂದೇ ಅಲ್ವಾ! ನಾನು ಕನ್ನಡದಲ್ಲಿ ಏನೋ ಕಿರುಚಿದೆ. ಏನು ಅಂತ ಇಲ್ಲಿ ಬರೆಯಲು ಆಗುವುದಿಲ್ಲ. ಕಯೋಟಿ ನಿಂತಲ್ಲೇ ಒಂದು ಮೊಳ ಮೇಲೆ ಹಾರಿ, ಗಾಳಿಯಲ್ಲೇ ತಿರುಗಿ, ಓಡಿತು. ಅದರ ಮುಖದಲ್ಲಿ ಕಂಡದ್ದು ಕೋಪ ಅಲ್ಲ, ಪೂರಾ ಗಾಬರಿ.

ದಪ್ಪ ಮರಕ್ಕೇ ಬೆನ್ನು ಕೊಡಬೇಕು ಅಂತ ಹಳಬರು ಹೇಳುವುದಕ್ಕೆ ಎರಡು ಕಾರಣ. ಹಿಂದಿನಿಂದ ಇನ್ನೊಬ್ಬ ಶಿಕಾರಿಯವನು ಟರ್ಕಿ ಅಂದುಕೊಂಡು ಗುಂಡು ಹಾರಿಸಬಾರದು. ಹಿಂದಿನಿಂದ ಬಾಬ್‌ಕ್ಯಾಟ್ ಅನ್ನುವ ಕಾಡುಬೆಕ್ಕು ಹೆಗಲ ಮೇಲೆ ಹಾರಬಾರದು. ಎರಡೂ ಆಗಿರುವ ಸಂಗತಿಗಳೇ.

ಮೊಲ ಸಾಯುವಾಗ ಕಿರುಚುವ ಸದ್ದನ್ನು ಪೀಪಿಯಲ್ಲಿ ಊದಿ ಕಯೋಟಿಯನ್ನೇ ಕರೆಯುವವರು ಬೇರೆ ಇದ್ದಾರೆ. ಕಯೋಟಿ ಸೀದಾ ಬರುವುದು ಕಮ್ಮಿ. ಸುತ್ತು ಹಾಕಿ, ಗಾಳಿ ನಿಮ್ಮ ಕಡೆಯಿಂದ ತನ್ನ ಕಡೆ ಬೀಸುವ ಜಾಗಕ್ಕೆ ಹೋಗಿ, ಮೂಗಿನಲ್ಲಿ ಖಾತ್ರಿ ಮಾಡಿಕೊಳ್ಳುತ್ತದೆ. ಆ ಪೀಪಿಗೆ ಪೂಮಾ ಅನ್ನುವ ಭಾರಿ ಕಾಡುಬೆಕ್ಕು ಬಂದದ್ದುಂಟು, ಕರಡಿ ಬಂದದ್ದುಂಟು. ಮೊಲ ಯಾರಿಗೆ ಬೇಡ?

ಪ್ರಶ್ನೆ: ಕಯೋಟಿಗಳು ಮನುಷ್ಯರನ್ನು ಕೊಂದದ್ದು ಇದೆಯಾ? ಗುಂಪಾಗಿ ಊಳಿಡುತ್ತವಂತೆ, ಭಯ ಆಗುವುದಿಲ್ಲವಾ?

ಅಮೆರಿಕ, ಕೆನಡಾ ಎರಡೂ ಸೇರಿ ದಾಖಲಾದ ಸಾವು ಎರಡು. 1981ರಲ್ಲಿ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ 3 ವರ್ಷದ ಮಗು. 2009ರ ಅಕ್ಟೋಬರ್‌ನಲ್ಲಿ ಕೆನಡಾದ ಕೇಪ್ ಬ್ರೆಟನ್ ಹೈಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಒಬ್ಬಳೇ ನಡೆಯುತ್ತಿದ್ದ 19 ವರ್ಷದ ಗಾಯಕಿ. ಆಮೇಲೆ ಅಲ್ಲಿಯ ಕಯೋಟಿಗಳ ಬಗ್ಗೆ ಸಂಶೋಧಕರು ಅಧ್ಯಯನ ಮಾಡಿದರು. ಇಲಿ-ಮೊಲದಂಥ ಸಣ್ಣ ಬೇಟೆ ಸಾಲದೆ ಅವು ಮೂಸ್‌ನಂಥ ದೊಡ್ಡ ಪ್ರಾಣಿಯನ್ನೇ ನಂಬಿಕೊಂಡಿದ್ದವು ಅಂತ ಗೊತ್ತಾಯಿತು. ದೊಡ್ಡದಕ್ಕೆ ಬಾಯಿ ಹಾಕಿ ಅಭ್ಯಾಸ ಆಗಿತ್ತು.

ಊಳಿಗೆ ಹೆದರಬೇಡಿ. ಎರಡು ಕಯೋಟಿ ಕೂಗಿದರೆ ಹತ್ತು ಇದ್ದ ಹಾಗೆ ಕೇಳುತ್ತದೆ. ಸ್ವರ ಏರಿಸಿ ಇಳಿಸಿ, ನಡುವೆ ಬೊಗಳಿ, ಅದು ಬೆಟ್ಟಕ್ಕೆ ಬಡಿದು ವಾಪಸು ಬಂದು, ಒಟ್ಟು ಜಾತ್ರೆ. ಮೊದಲ ವರ್ಷ ನಾನು ಟೆಂಟಿನಲ್ಲಿ ರಾತ್ರಿಯಿಡೀ ಕೂತೇ ಇದ್ದೆ. ಬೆಳಿಗ್ಗೆ ಹಿಮದ ಮೇಲೆ ನೋಡಿದರೆ ಎರಡೇ ಎರಡು ಸಾಲು ಹೆಜ್ಜೆ.

ಏಪ್ರಿಲ್, ಮೇ, ಜೂನ್‌ನಲ್ಲಿ ಮಾತ್ರ ಸ್ವಲ್ಪ ಜಾಗ್ರತೆ. ಆಗ ಮರಿಗಳಿರುತ್ತವೆ. ನಾಯಿ ಕರೆದುಕೊಂಡು ಹೋದರೆ ಕಯೋಟಿ ದೂರದಿಂದಲೇ ಹಿಂದೆ ಹಿಂದೆ ಬರುತ್ತದೆ. ಬೇಟೆಗಲ್ಲ, ಬಿಲದ ಹತ್ತಿರದಿಂದ ನಿಮ್ಮನ್ನು ಸಾಗಹಾಕುವುದಕ್ಕೆ. ನಾಯಿಗೆ ಹಗ್ಗ ಹಾಕಿ, ಬೆನ್ನು ತೋರಿಸದೆ, ಜೋರಾಗಿ ಬೈಯುತ್ತಾ ಬಂದ ದಾರಿಯಲ್ಲೇ ವಾಪಸು ಹೋಗಿ.

ಪ್ರಶ್ನೆ: ನಿಜವಾಗಿ ಜೀವಭಯ ಆದದ್ದು ಯಾವಾಗ ಮೇಡಂ? ಸುಳ್ಳು ಸೇರಿಸದೆ ಹೇಳಿ.

ಸುಳ್ಳು ಸೇರಿಸುವುದು ಶಿಕಾರಿಯವರ ಹುಟ್ಟುಗುಣ ಅಂತ ನಿಮಗೂ ಗೊತ್ತಿದೆ ಅಂತಾಯಿತು! ಇದನ್ನು ಸೇರಿಸದೆ ಹೇಳುತ್ತೇನೆ. ಹೇಳಿದರೆ ನನ್ನ ಮರ್ಯಾದೆಯೇ ಹೋಗುವುದು.

ಅಕ್ಟೋಬರ್ ಕೊನೆಯ ವಾರ, ಗ್ರಾವೆಲಿ ಬೆಟ್ಟಸಾಲು. ಜೊತೆಗೆ ದನ-ಕುರಿ ಸಾಕುವ ಪಕ್ಕದ ರ‍್ಯಾಂಚಿನ ಯಜಮಾನರು. ಎಪ್ಪತ್ತು ದಾಟಿದವರು, ನನಗೆ ಕೋವಿ ಹಿಡಿಯಲು ಕಲಿಸಿದವರು ಅವರೇ. ಮಧ್ಯಾಹ್ನ ಮೂರೂವರೆಗೆ ಒಂದು ಹೆಣ್ಣು ಎಲ್ಕ್‌ಗೆ ಈಡು ಬಿತ್ತು. ನಿಂತಲ್ಲೇ ಕುಸಿಯಿತು. ಆ ಹೊತ್ತಿನಲ್ಲಿ ಹೊಡೆಯಬಾರದಿತ್ತು. ಇನ್ನೂರು ಕಿಲೋ ದಾಟುವ ಪ್ರಾಣಿಯನ್ನು ಹಸಿಗೆ ಮಾಡಿ, ತೊಡೆ, ಭುಜ ಬೇರೆ ಮಾಡಿ, ಬೆನ್ನ ಮೇಲೆ ಹೊರಬೇಕು. ಇಬ್ಬರಿಗೆ ಅದು ಐದಾರು ಗಂಟೆಯ ಕೆಲಸ. ಆರೂವರೆಗೆಲ್ಲ ಹೊತ್ತು ಮುಳುಗುತ್ತದೆ.

ಆ ಬೆಟ್ಟದಲ್ಲಿ ಗ್ರಿಜ್ಲಿ ಕರಡಿ ಇರುವುದು ಗೊತ್ತಿಲ್ಲದ ಸಂಗತಿಯೇನಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ಒಂದೇ ದಿನ ಎರಡು ಕಡೆ ಕರಡಿ ಶಿಕಾರಿಯವರ ಮೇಲೆ ಬಿದ್ದಿತ್ತು. ಪುಣ್ಯಕ್ಕೆ ಎಲ್ಲರೂ ಬದುಕಿಕೊಂಡರು. ನಿಯಮವೂ ಗೊತ್ತಿತ್ತು. ಕರುಳು-ಪಚ್ಚಿ ಒಂದು ಕಡೆ ಬಿಡಬೇಕು, ಮಾಂಸವನ್ನು ಅಲ್ಲಿಂದ ಕಮ್ಮಿ ಅಂದರೂ ನೂರು ಗಜ ದೂರ, ದೂರದಿಂದಲೇ ಕಾಣುವ ಬಯಲಿಗೆ ಒಯ್ದು ಇಡಬೇಕು. ನಾವು ಇಟ್ಟದ್ದು ಇಪ್ಪತ್ತು ಹೆಜ್ಜೆ ಆಚೆ, ಒಂದು ಫರ್ ಮರದ ಕೆಳಗೆ. ಸುಸ್ತಾಗಿತ್ತು. ಕರಡಿಗೆ ಹೊಡೆಯುವ ಖಾರದ ಸ್ಪ್ರೇ ನನ್ನ ಚೀಲದೊಳಗೆ, ಊಟದ ಡಬ್ಬಿಯ ಕೆಳಗೆ. ಬೆಲ್ಟಿನಲ್ಲಿ ಇದ್ದರೆ ಬಗ್ಗಿ ಕೆಲಸ ಮಾಡುವಾಗ ಹೊಟ್ಟೆಗೆ ಚುಚ್ಚುತ್ತದೆ ಅಂತ ನಾನೇ ಬಿಚ್ಚಿಟ್ಟಿದ್ದೆ.

ಮ್ಯಾಗ್‌ಪೈ ಹಕ್ಕಿಗಳು ಆಗಲೇ ಬಂದು ಕೊಬ್ಬಿನ ಚೂರು ಕದಿಯುತ್ತಿದ್ದವು. ಬಾಯಿ ಮುಚ್ಚದ ಹಕ್ಕಿಗಳು ಅವು. ಒಂದು ಹೊತ್ತಿನಲ್ಲಿ ಎಲ್ಲವೂ ಸುಮ್ಮನಾಗಿ ಮೇಲಿನ ಕೊಂಬೆಗೆ ಹೋದವು. ನಾನು ಗಮನಿಸಲಿಲ್ಲ. ಯಜಮಾನರು ಗಮನಿಸಿದರು. ಚಾಕು ಕೆಳಗಿಟ್ಟು, "ಎದ್ದು ನಿಲ್ಲು. ನಿಧಾನಕ್ಕೆ. ಓಡಬೇಡ" ಅಂದರು, ಹಾಲು ತಾ ಅನ್ನುವ ಧ್ವನಿಯಲ್ಲಿ. ಆಮೇಲೆ ಕೇಳಿತು ಒಂದು ಉಸಿರು. ಕುಲುಮೆಯ ತಿದಿ ಒತ್ತಿದ ಹಾಗೆ. ಅದರ ಹಿಂದೆಯೇ ಹಲ್ಲು ಕಟಕಟ.

ನಲವತ್ತು ಹೆಜ್ಜೆ ಕೆಳಗೆ ನಿಂತಿತ್ತು. ಹೆಗಲ ಮೇಲಿನ ಡುಬ್ಬ ಮುಖಕ್ಕಿಂತ ಮೊದಲು ಕಂಡಿತು. ನಾವು ಅದರ ಜೊತೆ ಮಾತಾಡುತ್ತಾ ಹಿಂದೆ ಸರಿದೆವು. ಯಜಮಾನರ ಸ್ಪ್ರೇ ಅವರ ಕೈಯಲ್ಲಿತ್ತು. ನಾನು ಊಟದ ಡಬ್ಬಿ ಹೊರಗೆ ತೆಗೆಯುತ್ತಿದ್ದೆ! ಕರಡಿ ಎರಡು ಹೆಜ್ಜೆ ಮುಂದೆ ಹಾರಿ ನಿಂತಿತು, ಇನ್ನೊಮ್ಮೆ ಉಸಿರು ಬಿಟ್ಟಿತು, ಮಾಂಸದ ಕಡೆ ತಿರುಗಿತು. ಮೊದಲ ಸುತ್ತಿನಲ್ಲಿ ಹೊತ್ತು ಇಳಿಸಿದ್ದ ಎರಡು ತೊಡೆ ಮಾತ್ರ ನಮಗೆ ದಕ್ಕಿತು.

ಮರುದಿನ ಹಗಲಾದ ಮೇಲೆ ನಾಲ್ಕು ಜನ, ಕುದುರೆ ಸಮೇತ, ಗದ್ದಲ ಮಾಡುತ್ತಾ ಎದುರು ದಿಬ್ಬಕ್ಕೆ ಹೋಗಿ ದುರ್ಬೀನಿನಲ್ಲಿ ನೋಡಿದೆವು. ಮಣ್ಣು, ಹುಲ್ಲು, ಕಡ್ಡಿ ಎಲ್ಲ ಕೆರೆದು ಮಾಂಸದ ಮೇಲೆ ಗುಡ್ಡೆ ಹಾಕಿತ್ತು. ಹಾಗೆ ಮುಚ್ಚಿತು ಅಂದರೆ 'ಇದು ನನ್ನದು' ಅಂತ. ಕರಡಿ ಅಲ್ಲೇ ಎಲ್ಲೋ ಮಲಗಿರುತ್ತದೆ. ವಾಪಸು ಬಂದು ವನ್ಯಜೀವಿ ಇಲಾಖೆಗೆ ಫೋನ್ ಮಾಡಿ ತಿಳಿಸಿದೆವು. ಆ ವರ್ಷದ ನನ್ನ ಎಲ್ಕ್ ಪರವಾನಗಿ ಅಲ್ಲಿಗೆ ಮುಗಿಯಿತು. ಆ ಚಳಿಗಾಲ ಅಂಗಡಿಯ ಕೋಳಿ ತಿಂದೆವು.

ಅವತ್ತೂ ಕರೆದದ್ದು ನಾವೇ. ಬೆಳಿಗ್ಗೆಯಿಂದ ಹೆಣ್ಣು ಎಲ್ಕ್ ಹಾಗೆ ಕೂಗಿದ್ದೆವು. ರಕ್ತದ ವಾಸನೆಯನ್ನು ಮೂರು ಗಂಟೆ ಕಾಲ ಕಣಿವೆಗೆ ಬಿಟ್ಟಿದ್ದೆವು.

ಪ್ರಶ್ನೆ: ಕೈಯಲ್ಲಿ ಬಂದೂಕು ಇರುವಾಗ ಖಾರದ ಸ್ಪ್ರೇ ಯಾಕೆ? ನಗು ಬರುತ್ತದೆ.

ನಗಿ. ನಾನೂ ನಕ್ಕಿದ್ದೆ. ಗ್ರಿಜ್ಲಿ ಓಡಿ ಬಂದರೆ ಗಂಟೆಗೆ 50 ಕಿಲೋಮೀಟರ್‌ಗಿಂತ ಜಾಸ್ತಿ ವೇಗ. ಕೋವಿ ಎತ್ತಿ, ಗುರಿ ಹಿಡಿದು, ಟ್ರಿಗರ್ ಎಳೆಯಲು ಎರಡು ಸೆಕೆಂಡೂ ಇರುವುದಿಲ್ಲ. ಕುಣಿಯುತ್ತಾ ಬರುವ ತಲೆಗೆ ಒಂದು ಗುಂಡು ತಾಗಬೇಕು, ತಾಗಿದ ಕೂಡಲೇ ಬೀಳಬೇಕು. ಸ್ಪ್ರೇಗೆ ಗುರಿ ಬೇಡ. ಮೋಡದ ಹಾಗೆ ಹರಡುತ್ತದೆ. ಕರಡಿ ಅದರೊಳಗೆ ಓಡಿ ಬಂದು ಕಣ್ಣು, ಮೂಗು ಉರಿಸಿಕೊಳ್ಳುತ್ತದೆ. ಅದರಲ್ಲಿರುವುದು ಮೆಣಸಿನಕಾಯಿಯ ಖಾರವೇ.

ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೋ ಮತ್ತು ಅವರ ಜೊತೆಯವರು ಅಲಾಸ್ಕಾದ 83 ಘಟನೆಗಳನ್ನು ನೋಡಿ 2008ರಲ್ಲಿ ಲೆಕ್ಕ ಕೊಟ್ಟರು. ಕಂದು ಕರಡಿಗೆ (ಗ್ರಿಜ್ಲಿಯೂ ಅದೇ ಜಾತಿ) ಸ್ಪ್ರೇ ಹೊಡೆದಾಗ ನೂರಕ್ಕೆ 92 ಸಲ ಅದು ತನ್ನ ಆಟ ನಿಲ್ಲಿಸಿತ್ತು. ಸ್ಪ್ರೇ ಇಟ್ಟುಕೊಂಡವರಲ್ಲಿ ನೂರಕ್ಕೆ 98 ಜನರಿಗೆ ಗಾಯವೇ ಇಲ್ಲ. ಅದೇ ತಂಡ 2012ರಲ್ಲಿ ಕೋವಿಯ ಲೆಕ್ಕವನ್ನೂ ತೆಗೆಯಿತು. ಕೋವಿ ಬಳಸಿದವರಿಗೂ ಬಳಸದವರಿಗೂ ಆದ ಗಾಯದಲ್ಲಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ.

ಒಂದೇ ಷರತ್ತು. ಅದು ಸೊಂಟದಲ್ಲಿ ಇರಬೇಕು. ಡಬ್ಬಿಯ ಕೆಳಗೆ ಅಲ್ಲ.

ಪ್ರಶ್ನೆ: ಪೂಮಾ ನೋಡಿದ್ದೀರಾ? ಕರಡಿಗೆ ಮಾಡಿದ್ದನ್ನೇ ಅದಕ್ಕೂ ಮಾಡಬೇಕಾ?

ನಾನು ನೋಡಿಲ್ಲ. ಅದು ನನ್ನನ್ನು ನೋಡಿದೆ. ಒಂದು ನವೆಂಬರ್ ಬೆಳಿಗ್ಗೆ ಹೊಸ ಹಿಮದಲ್ಲಿ ಬೆಟ್ಟ ಹತ್ತಿ, ಎರಡು ಗಂಟೆ ಕೂತು, ಅದೇ ದಾರಿಯಲ್ಲಿ ಇಳಿದೆ. ನನ್ನ ಬೂಟಿನ ಗುರುತಿನ ಮೇಲೆ ಇನ್ನೊಂದು ಗುರುತು. ಗುಂಡಗೆ, ಮೂರು ಇಂಚಿಗಿಂತ ಅಗಲ, ಉಗುರಿನ ಗೀರಿಲ್ಲ. ನಾಯಿ ಜಾತಿಯದ್ದಾದರೆ ಸಾಮಾನ್ಯವಾಗಿ ಉಗುರು ಕಾಣುತ್ತದೆ. ನಾನು ಕೂತ ಜಾಗದಿಂದ ಮೂವತ್ತು ಹೆಜ್ಜೆಯ ತನಕ ಬಂದು, ಬಂಡೆಯ ಹಿಂದೆ ಮಲಗಿದ್ದ ಅಚ್ಚೂ ಇತ್ತು. ಹಿಮ ಅಲ್ಲಿ ಕರಗಿತ್ತು. ಅಷ್ಟು ಹೊತ್ತು ಮಲಗಿತ್ತು ಅಂದ ಹಾಗಾಯಿತು. ಆ ಗುಂಡಿಗೆ ಕೈ ಇಟ್ಟು ನೋಡಿದೆ. ಅದನ್ನು ನೆನೆದರೆ ಈಗಲೂ ಕತ್ತಿನ ಹಿಂದೆ ಚುಮುಗುಟ್ಟುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ, ಖಂಡಿತಾ ಬೇಡ. ಗ್ರಿಜ್ಲಿ ಬೆಚ್ಚಿಬಿದ್ದು ಮೈಮೇಲೆ ಬಿದ್ದರೆ ಬೋರಲು ಮಲಗಿ, ಕೈಯಿಂದ ಕತ್ತು ಮುಚ್ಚಿ, ಸತ್ತ ಹಾಗೆ ಇರಬೇಕು. ಪೂಮಾದ ಮುಂದೆ ಮಲಗಿದರೆ, ಬಗ್ಗಿದರೆ, ಓಡಿದರೆ ನೀವು ಜಿಂಕೆ. ಎದೆ ಸೆಟೆದು ನಿಂತು, ಕೋಟು ಬಿಚ್ಚಿ ಎರಡೂ ಕೈಯಲ್ಲಿ ಮೇಲೆತ್ತಿ, ಕಣ್ಣಲ್ಲಿ ಕಣ್ಣಿಟ್ಟು ಕಿರುಚಬೇಕು. ಮೇಲೆ ಬಿದ್ದರೆ ಕೈಗೆ ಸಿಕ್ಕಿದ್ದರಲ್ಲಿ ಬಡಿಯಬೇಕು. 2024ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಅಣ್ಣ-ತಮ್ಮ ಇಬ್ಬರು ಜಿಂಕೆ ಉದುರಿಸಿದ ಕೊಂಬು ಹುಡುಕಲು ಹೋಗಿದ್ದರು. ಪೂಮಾ ಎದುರಾಯಿತು. ಇಬ್ಬರೂ ಕೈ ಮೇಲೆತ್ತಿ ದೊಡ್ಡದಾಗಿ ಕಾಣುವ ಹಾಗೆ ನಿಂತರು, ಕೂಗಿದರು. ಆದರೂ ಅಣ್ಣ ಉಳಿಯಲಿಲ್ಲ. ಆ ರಾಜ್ಯದಲ್ಲಿ 20 ವರ್ಷಕ್ಕೆ ಮೊದಲ ಸಾವು ಅದು. ನಾನು ಹೇಳಿದ್ದೆಲ್ಲ ಮಾಡಿದರೆ ಏನೂ ಆಗುವುದಿಲ್ಲ ಅಂತ ದಯವಿಟ್ಟು ಓದಿಕೊಳ್ಳಬೇಡಿ.

ಪ್ರಶ್ನೆ: ಕಯೋಟಿ ಮಾಂಸ ತಿನ್ನುತ್ತಾರಾ?

ನಮ್ಮ ಸುತ್ತ ಯಾರೂ ಇಲ್ಲ. ಚರ್ಮ ಸುಲಿಯುವವರು ಮರೆಯದೆ ಕೈಗವಸು ಹಾಕಬೇಕು. ಕಜ್ಜಿ, ಹುಳ, ರೇಬೀಸ್ ಎಲ್ಲ ಇರುತ್ತದೆ.

ಪ್ರಶ್ನೆ: ನೀವು ಕಯೋಟಿಯನ್ನು ಹೊಡೆದಿದ್ದೀರಾ? ತಿನ್ನದ ಪ್ರಾಣಿಯನ್ನು ಯಾಕೆ ಕೊಲ್ಲಬೇಕು?

ಒಂದನ್ನು ಹೊಡೆದಿದ್ದೇನೆ. ಒಂಬತ್ತು ವರ್ಷದ ಹಿಂದೆ. ಯಜಮಾನರ ಕುರಿಮರಿಗಳು ಒಂದೇ ವಾರದಲ್ಲಿ ನಾಲ್ಕು ಹೋಗಿದ್ದವು. ಗಂಟಲಿಗೇ ಬಾಯಿ ಹಾಕಿತ್ತು, ಅದು ಕಯೋಟಿಯ ಗುರುತು. ಅವರ ಕಣ್ಣಲ್ಲಿ ನೀರು ನೋಡಿದ ಮೇಲೆ 'ಪ್ರಕೃತಿ' ಅಂತ ಭಾಷಣ ಮಾಡಲು ನನಗೆ ಬಾಯಿ ಬರಲಿಲ್ಲ. ಮೊಂಟಾನಾದಲ್ಲಿ ಕಯೋಟಿಗೆ ಪರವಾನಗಿ ಬೇಕಿಲ್ಲ, ಕಾಲದ ಮಿತಿ ಇಲ್ಲ. ಮೂರನೇ ಬೆಳಿಗ್ಗೆ ಬೇಲಿಯ ಹತ್ತಿರ ಸಿಕ್ಕಿತು. ಹತ್ತಿರ ಹೋಗಿ ನೋಡಿದರೆ ಮೊಲೆಯಲ್ಲಿ ಹಾಲಿತ್ತು. ಮರಿ ಎಲ್ಲಿವೆ ಅಂತ ಎರಡು ದಿನ ಹುಡುಕಿದೆ, ಸಿಗಲಿಲ್ಲ. ಆಮೇಲೆ ಹೊಡೆದಿಲ್ಲ.

ಕುರಿ ಕಳೆದುಕೊಂಡವರು ಹೊಡೆದರೆ ನಾನು ತಪ್ಪು ಅನ್ನುವುದಿಲ್ಲ. ಆದರೆ ಯಾರು ಜಾಸ್ತಿ ಹೊಡೆಯುತ್ತಾರೆ ಅಂತ ಪಂದ್ಯ ಕಟ್ಟುವವರಿದ್ದಾರೆ. ಪಿಕಪ್ ಗಾಡಿ ತುಂಬಾ ಹೆಣ ಹೇರಿಕೊಂಡು ತೂಕ ಹಾಕಿಸಿ ಬಹುಮಾನ ತೆಗೆದುಕೊಳ್ಳುತ್ತಾರೆ. ಅದು ನನಗೆ ಹೇಸಿಗೆ. ಕ್ಯಾಲಿಫೋರ್ನಿಯಾ 2014ರಲ್ಲೇ ಇಂಥ ಬಹುಮಾನ ನಿಲ್ಲಿಸಿತು. ಆಮೇಲೆ ಇನ್ನೂ ಕೆಲವು ರಾಜ್ಯಗಳು ನಿಲ್ಲಿಸಿದವು. ನಮ್ಮದು ಅದರಲ್ಲಿ ಇಲ್ಲ. ಈ ಸಾಲಿಗೆ ನನ್ನ ಇಲ್ಲಿಯ ಕೆಲವು ಗೆಳೆಯರು ಕೋಪ ಮಾಡಿಕೊಳ್ಳುತ್ತಾರೆ. ಅವರಿಗೆ ಕನ್ನಡ ಬರುವುದಿಲ್ಲ, ಸದ್ಯ.

ಕೊಂದು ಮುಗಿಸುವುದಂತೂ ಆಗದ ಮಾತು. ನೂರು ವರ್ಷಕ್ಕೂ ಹೆಚ್ಚು ಕಾಲ ವಿಷ, ಬೋನು, ಗುಂಡು ಎಲ್ಲ ನೋಡಿದ ಪ್ರಾಣಿ ಇದು. ಸರ್ಕಾರದ ಇಲಾಖೆಯೇ ವರ್ಷಕ್ಕೆ 60 ಸಾವಿರದ ಆಸುಪಾಸು ಕೊಲ್ಲುತ್ತದೆ. ಆದರೂ ಹವಾಯಿ ಒಂದನ್ನು ಬಿಟ್ಟು ಉಳಿದ 49 ರಾಜ್ಯಗಳಲ್ಲೂ ಈಗ ಕಯೋಟಿ ಇದೆ. ಒಂದು ಜಾಗ ಖಾಲಿ ಮಾಡಿದರೆ ಪಕ್ಕದ್ದು ಬಂದು ಸೇರುತ್ತದೆ. ಅದನ್ನು ನಿಜವಾಗಿ ಕಮ್ಮಿ ಮಾಡಿದ್ದು ತೋಳ. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳ ತಂದು ಯೆಲ್ಲೋಸ್ಟೋನ್‌ನಲ್ಲಿ ಬಿಟ್ಟರು. ಉದ್ಯಾನದ ಉತ್ತರ ಭಾಗದಲ್ಲಿ ಕೆಲವೇ ವರ್ಷದಲ್ಲಿ ಕಯೋಟಿ ಅರ್ಧಕ್ಕೆ ಇಳಿದವು. ದೊಡ್ಡಣ್ಣ ಮನೆಗೆ ಬಂದ ಹಾಗೆ.

ಪ್ರಶ್ನೆ: ಕೋವಿ ಇಲ್ಲದೆ ಸುಮ್ನೆ ಕಯೋಟಿ ನೋಡುತ್ತಾ ಕೂತದ್ದುಂಟಾ?

ಉಂಟು. ಜುಲೈಯಲ್ಲಿ, ಎಲ್ಕ್ ಎಲ್ಲಿ ಮೇಯುತ್ತಿವೆ ಅಂತ ನೋಡಲು ದುರ್ಬೀನು ಮಾತ್ರ ಹಿಡಿದು ಹೋಗಿದ್ದೆ. ಕೆಳಗೆ ಹುಲ್ಲುಗಾವಲಿನಲ್ಲಿ ಒಂದು ಕಯೋಟಿ, ಅದರ ಪಕ್ಕದಲ್ಲಿ ಒಂದು ಬ್ಯಾಡ್ಜರ್. ಬ್ಯಾಡ್ಜರ್ ಅಂದರೆ ಚಪ್ಪಟೆ ಮೈಯ, ಮುಖದ ಮೇಲೆ ಬಿಳಿ ಪಟ್ಟೆಯ, ನೆಲ ಅಗೆಯುವ ಪ್ರಾಣಿ. ಎರಡೂ ನೆಲದಳಿಲು ಹಿಡಿಯಲು ಜೊತೆಯಾಗಿ ಹೊರಟಿದ್ದವು. ಬ್ಯಾಡ್ಜರ್ ಬಿಲ ಅಗೆಯುತ್ತದೆ, ಇನ್ನೊಂದು ತೂತಿನಿಂದ ಓಡಿದ್ದನ್ನು ಕಯೋಟಿ ಹಿಡಿಯುತ್ತದೆ. ಕಯೋಟಿಗೆ ಹೆದರಿ ಒಳಗೇ ಉಳಿದದ್ದು ಬ್ಯಾಡ್ಜರ್‌ಗೆ. ಪಕ್ಕದ ವಯೋಮಿಂಗ್ ರಾಜ್ಯದಲ್ಲಿ ಇದನ್ನು ಅಧ್ಯಯನ ಮಾಡಿದವರು, ಬ್ಯಾಡ್ಜರ್ ಜೊತೆಗಿದ್ದ ಕಯೋಟಿಗೆ ಒಂಟಿ ಕಯೋಟಿಗಿಂತ ಸುಮಾರು ಮೂರನೇ ಒಂದು ಭಾಗ ಜಾಸ್ತಿ ಬೇಟೆ ಸಿಗುತ್ತದೆ ಅಂತ ಬರೆದಿದ್ದಾರೆ.

ನಾನು ಒಂದೂವರೆ ಗಂಟೆ ನೋಡಿದೆ. ಬ್ಯಾಡ್ಜರ್ ಕುಳ್ಳ ಕಾಲಿನಲ್ಲಿ ನಿಧಾನ. ಕಯೋಟಿ ಸ್ವಲ್ಪ ಮುಂದೆ ಹೋಗುವುದು, ನಿಂತು ತಿರುಗಿ ನೋಡುವುದು, ಬಾ ಅನ್ನುವ ಹಾಗೆ ಮುಂಗಾಲು ಬಗ್ಗಿಸಿ ಕುಣಿಯುವುದು. ಕೊನೆಗೆ ಒಂದು ಬಿಲ ಸಿಕ್ಕಿತು. ಬ್ಯಾಡ್ಜರ್ ಬಾಲ ಮಾತ್ರ ಹೊರಗೆ ಕಾಣುವಷ್ಟು ಅಗೆಯಿತು. ಕಯೋಟಿ ಮೇಲೆ ಕಿವಿ ನಿಮಿರಿಸಿ ಕಾಯಿತು. ಅಳಿಲು ಹೊರಬಂದದ್ದು ಹತ್ತು ಗಜ ಆಚೆಯ ಮೂರನೇ ತೂತಿನಿಂದ. ಅದು ಹಿಂಗಾಲಿನಲ್ಲಿ ನಿಂತು ಇಬ್ಬರ ಬೆನ್ನನ್ನೂ ಒಂದು ಸಲ ನೋಡಿ, ಹುಲ್ಲಿನೊಳಗೆ ಹೋಯಿತು.